ಹಳೇ ಪಿಕಪ್ ನಡುಗ್ತಿದೆಯಾ? ಪಾರ್ಟ್ ಬದಲಿಸೋ ಮೊದಲು ಕಾರಣ ಹುಡುಕಿ

ತೆಂಗಿನ ಮರದ ಹೊರಸುತ್ತಿನ ಗರಿಗಳು ಜೋತುಬಿದ್ದರೆ ಮೊದಲು ಬರೋ ಮಾತು "ನೀರು ಸಾಲದು" ಅಂತ. ನೀರು ಹೆಚ್ಚಿಸ್ತೀವಿ, ಗೊಬ್ಬರ ಹಾಕ್ತೀವಿ. ಆದರೆ ಅಣಬೆ ರೋಗ ಬಂದ ಮರದಲ್ಲೂ ಗರಿ ಹಾಗೇ ಜೋತುಬೀಳುತ್ತೆ. ಕಾಂಡದ ಬುಡದಲ್ಲಿ ಕಂದು ರಸ ಸೋರ್ತಿದೆಯಾ ಅಂತ ಬಗ್ಗಿ ನೋಡಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗೋದು. ಲಕ್ಷಣ ಒಂದೇ, ಕಾರಣ ಬೇರೆ ಬೇರೆ. ತೋಟಗಾರಿಕೆ ಓದುವಾಗ ಕಲಿತ ಈ ಪಾಠವನ್ನ ನಾನು ಈಗ ಗಿಡಕ್ಕಿಂತ ಹೆಚ್ಚಾಗಿ ಬಳಸ್ತಿರೋದು ನಮ್ಮ ಹಳೇ ಪಿಕಪ್ ಮೇಲೆ.

ಹಾರನಹಳ್ಳಿ ಸುತ್ತಮುತ್ತ ತೆಂಗಿನಕಾಯಿ, ಕೊಬ್ಬರಿ ಅರಸೀಕೆರೆ ಮಾರುಕಟ್ಟೆಗೆ ಹೋಗಬೇಕು, ತರಕಾರಿ ಸೊಪ್ಪು ಹಾಸನಕ್ಕೆ ಹೋಗಬೇಕು. ಎಲ್ಲದಕ್ಕೂ ಇರೋದು ಹತ್ತು ವರ್ಷ ದಾಟಿದ ಒಂದೊಂದು ಗಾಡಿ. ಬೊಲೆರೊ ಪಿಕಪ್, ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್, ಯಾವುದೇ ಇರಲಿ, ಸೊಪ್ಪು ತುಂಬಿಕೊಂಡು ಹೊರಟ ದಿನ ಅದು ದಾರೀಲಿ ನಿಂತರೆ ಆ ದಿನದ ಮಾಲು ಹೋದಂತೆ. ಇನ್ನೊಂದು ಕಡೆ, ಎಂಜಿನ್ ಲೈಟ್ ಹತ್ತಿದ ಕೂಡಲೇ "ಇಂಜೆಕ್ಟರ್ ಹೋಗಿದೆ, ನಾಲ್ಕೂ ಬದಲಿಸಬೇಕು" ಅನ್ನೋ ಮಾತು ಒಪ್ಪಿಕೊಂಡರೆ ಒಂದು ಬೆಳೆಯ ಲಾಭ ಅಲ್ಲೇ ಮುಗಿಯುತ್ತೆ. ಈ ವಾರದ ಪಾಠ ಇವೆರಡರ ನಡುವಿನ ದಾರಿ: ಎಂಜಿನ್ ನಡುಗಿದಾಗ, ಮಿಸ್ ಹೊಡೆದಾಗ, ಲೈಟ್ ಹತ್ತಿದಾಗ ನಾವೇ ಏನೇನು ನೋಡಬಹುದು, ಯಾವ ಕ್ರಮದಲ್ಲಿ ನೋಡಬೇಕು.

ಮೊದಲು ನಿಮ್ಮ ಗಾಡಿ ಯಾವ ಕಾಲದ್ದು ತಿಳ್ಕೊಳ್ಳಿ

ಎಲ್ಲ ಹಳೇ ಗಾಡಿಗೂ ಕೋಡ್ ಇರೋದಿಲ್ಲ. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನಂಥವು, ಹಳೇ ಕಾಲದ ಡಿಐ ಎಂಜಿನ್‌ಗಳು ಮೆಕ್ಯಾನಿಕಲ್ ಪಂಪ್‌ನವು. ಅವುಗಳಲ್ಲಿ ಕಂಪ್ಯೂಟರೇ ಇಲ್ಲದ ಮೇಲೆ ಕೋಡ್ ಎಲ್ಲಿಂದ ಬರಬೇಕು? ಅವಕ್ಕೆ ಕಣ್ಣು, ಕಿವಿ, ಹೊಗೆಯ ಬಣ್ಣ ಇಷ್ಟೇ ಸಾಧನ.

ಕಾಮನ್ ರೈಲ್ ಎಂಜಿನ್ ಇದ್ದರೆ ಇಸಿಯು ಅನ್ನೋ ಕಂಪ್ಯೂಟರ್ ಇರುತ್ತೆ. ಬಿಎಸ್-4 ನಿಯಮ 2010ರಲ್ಲಿ ದೊಡ್ಡ ನಗರಗಳಿಗೆ ಬಂತು, 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂತು. ಹಾಗಾಗಿ 2017ರ ನಂತರದ ಪಿಕಪ್ ಆದರೆ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ. ಅದಕ್ಕಿಂತ ಹಳೆಯದಾದರೆ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಸಾಕೆಟ್ ಇದ್ದೂ ಸಾಮಾನ್ಯ ಬ್ಲೂಟೂತ್ ಸ್ಕ್ಯಾನರ್‌ಗೆ ಉತ್ತರ ಕೊಡದ ಗಾಡಿಗಳೂ ಇವೆ. ಅವಕ್ಕೆ ಕಂಪನಿಯ ಸ್ಕ್ಯಾನರೇ ಬೇಕು.

ಸ್ಕ್ಯಾನರ್ ಸಿಕ್ಕಿಸಿದಾಗ ಅದರ ಲೈಟೇ ಹತ್ತದಿದ್ದರೆ ಇಸಿಯು ಹೋಯ್ತು ಅಂತ ಗಾಬರಿ ಬೇಡ. ಆ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತೆ, 4 ಮತ್ತು 5 ಅರ್ತ್. ಆ ಲೈನಿನ ಫ್ಯೂಸ್ ಮೊದಲು ನೋಡಿ.

ಕೋಡ್ ಅಂದರೆ ಏನು, ಏನಲ್ಲ

ಕೋಡ್‌ನ ಮೊದಲ ಅಕ್ಷರ ಪಿ ಅಂದರೆ ಎಂಜಿನ್ ಮತ್ತು ಗೇರ್ ಕಡೆ. ಯು ಅಂದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ತಪ್ಪಿದೆ. ನಂತರದ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಪಿ1ರಿಂದ ಶುರುವಾಗೋ ಕೋಡ್‌ಗೆ ಅಂತರ್ಜಾಲದಲ್ಲಿ ಬೇರೆ ಕಂಪನಿಯ ಅರ್ಥ ಸಿಕ್ಕಿ ದಾರಿ ತಪ್ಪೋದು ಸಾಮಾನ್ಯ, ಎಚ್ಚರ.

ನಮ್ಮ ಡೀಸೆಲ್ ಪಿಕಪ್‌ಗಳಲ್ಲಿ ಆಗಾಗ ಬರೋವು ಇವು:

- ಪಿ0087: ರೈಲ್‌ನಲ್ಲಿ ಡೀಸೆಲ್ ಒತ್ತಡ ಕಡಿಮೆ.
- ಪಿ0190ರಿಂದ ಪಿ0193: ಆ ಒತ್ತಡ ಅಳೆಯೋ ಸೆನ್ಸರ್ ಅಥವಾ ಅದರ ವೈರ್.
- ಪಿ0101, ಪಿ0102: ಒಳಗೆ ಹೋಗೋ ಗಾಳಿ ಅಳೆಯೋ ಸೆನ್ಸರ್‌ನ ಲೆಕ್ಕ ಹೊಂದ್ತಿಲ್ಲ.
- ಪಿ0201ರಿಂದ ಪಿ0204: 1ರಿಂದ 4ನೇ ಇಂಜೆಕ್ಟರ್‌ನ ವಿದ್ಯುತ್ ಸರ್ಕ್ಯೂಟ್.
- ಪಿ0299: ಟರ್ಬೊ ಒತ್ತಡ ಸಾಲದು.
- ಪಿ0300: ಒಂದಕ್ಕಿಂತ ಹೆಚ್ಚು ಸಿಲಿಂಡರ್ ಮಿಸ್. ಪಿ0301ರಿಂದ ಪಿ0304: ಆಯಾ ನಂಬರಿನ ಸಿಲಿಂಡರ್ ಮಿಸ್.
- ಪಿ0335: ಕ್ರ್ಯಾಂಕ್ ಸೆನ್ಸರ್ ಸಿಗ್ನಲ್. ಪಿ0340: ಕ್ಯಾಮ್ ಸೆನ್ಸರ್ ಸಿಗ್ನಲ್.
- ಪಿ0401: ಇಜಿಆರ್ ಹರಿವು ಕಡಿಮೆ. ಪಿ0402: ಇಜಿಆರ್ ಹರಿವು ಹೆಚ್ಚು.
- ಪಿ0562: ವೋಲ್ಟೇಜ್ ಕಡಿಮೆ.

ಈ ಪಟ್ಟಿಯನ್ನ ಮತ್ತೊಮ್ಮೆ ಓದಿ. ಒಂದರಲ್ಲಾದರೂ "ಈ ಪಾರ್ಟ್ ಬದಲಿಸಿ" ಅಂತ ಇದೆಯಾ? ಪಿ0201 ಅಂದರೆ "1ನೇ ಇಂಜೆಕ್ಟರ್ ಸತ್ತಿದೆ" ಅಂತಲ್ಲ. ಆ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ ಅಷ್ಟೇ. ಅದು ಇಲಿ ಕಡಿದ ವೈರ್ ಇರಬಹುದು, ಸಡಿಲ ಕಪ್ಲರ್ ಇರಬಹುದು, ಇಂಜೆಕ್ಟರೂ ಇರಬಹುದು. ಎಲೆ ಹಳದಿ ಆಗಿದೆ ಅನ್ನೋದು ವರದಿ. ಸಾರಜನಕದ ಕೊರತೆಯೋ, ಕಬ್ಬಿಣದ್ದೋ, ಬೇರು ಕೊಳೆತಿದೆಯೋ ಅಂತ ಪರೀಕ್ಷೆ ಮಾಡೋದು ನಮ್ಮ ಕೆಲಸ.

ಕೋಡ್ ಅಳಿಸೋ ಮೊದಲು ಫೋಟೊ ತೆಗೀರಿ

ಕೋಡ್ ಬಂದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅಂತ ಇಸಿಯು ಬರೆದಿಟ್ಟುಕೊಳ್ಳುತ್ತೆ. ಇದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಕೂಲಂಟ್ ಬಿಸಿ ಎಷ್ಟು, ವೇಗ ಎಷ್ಟು ಅಂತ ಅದರಲ್ಲಿರುತ್ತೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತೆ. "ಬ್ಯಾಟರಿ ವೈರ್ ಹತ್ತು ನಿಮಿಷ ಬಿಚ್ಚಿಡಿ, ಲೈಟ್ ಹೋಗುತ್ತೆ" ಅನ್ನೋ ಸಲಹೆ ಬಹಳ ಜನ ಕೊಡ್ತಾರೆ. ಲೈಟ್ ಹೋಗಬಹುದು, ರೋಗ ಹೋಗೋದಿಲ್ಲ, ಸಾಕ್ಷಿ ಮಾತ್ರ ಹೋಗುತ್ತೆ.

ಆದ್ದರಿಂದ ಎಲ್ಲ ಕೋಡ್ ಮತ್ತು ಫ್ರೀಜ್ ಫ್ರೇಮ್‌ನ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡು, ಆಮೇಲೆ ಅಳಿಸಿ, ಗಾಡಿ ಓಡಿಸಿ, ಯಾವುದು ವಾಪಸ್ ಬರುತ್ತೆ ನೋಡಿ. ವಾಪಸ್ ಬಂದದ್ದರ ಹಿಂದೆ ಹೋಗಿ.

ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೇ ಬಂದರೆ ನಾಲ್ಕೈದು ಪಾರ್ಟ್ ಒಟ್ಟಿಗೇ ಕೆಟ್ಟಿರೋದು ಅಪರೂಪ. ಬ್ಯಾಟರಿ ವೋಲ್ಟೇಜ್, ಅರ್ತ್ ವೈರ್, ಅಥವಾ ಹಲವು ಸೆನ್ಸರ್‌ಗಳಿಗೆ ಹೋಗೋ 5 ವೋಲ್ಟ್ ಲೈನ್, ಇವುಗಳಲ್ಲಿ ಒಂದು ಕೈ ಕೊಟ್ಟಿರುತ್ತೆ.

ಯಾವಾಗ ನಡುಗುತ್ತೆ, ಹೊಗೆ ಯಾವ ಬಣ್ಣ?

ಗ್ಯಾರೇಜ್‌ಗೆ ಹೋಗಿ "ಗಾಡಿ ಸರಿ ಇಲ್ಲ" ಅಂದರೆ ಅವರೂ ಊಹೆ ಮೇಲೇ ಕೆಲಸ ಮಾಡಬೇಕು. ಎರಡು ದಿನ ಗಮನಿಸಿ ಇವಿಷ್ಟನ್ನ ಬರೆದಿಟ್ಟುಕೊಳ್ಳಿ.

ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ನಡುಗಿ, ಬಿಸಿಯಾದ ಮೇಲೆ ಸರಿಹೋದರೆ ಗ್ಲೋ ಪ್ಲಗ್, ಡೀಸೆಲ್ ಲೈನಿಗೆ ಗಾಳಿ ಸೇರೋದು, ಅಥವಾ ಕಂಪ್ರೆಷನ್ ಕಡಿಮೆ. ಐಡಲ್‌ನಲ್ಲಿ ನಡುಗಿ ಓಡುವಾಗ ಸರಿ ಇದ್ದರೆ ಇಜಿಆರ್ ತೆರೆದೇ ನಿಂತಿರಬಹುದು, ಒಂದು ಇಂಜೆಕ್ಟರ್ ದುರ್ಬಲ ಇರಬಹುದು. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೀಗೇ ಅನ್ನಿಸುತ್ತೆ, ಅದನ್ನ ಮರೀಬೇಡಿ. ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಜರ್ಕ್ ಹೊಡೆದರೆ ಡೀಸೆಲ್ ಅಥವಾ ಗಾಳಿ ಸಾಕಷ್ಟು ಹೋಗ್ತಿಲ್ಲ.

ಹೊಗೆ ಕಪ್ಪಗಿದ್ದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಏರ್ ಫಿಲ್ಟರ್, ಟರ್ಬೊ ಪೈಪ್, ಇಜಿಆರ್ ನೋಡಿ. ಬೆಳ್ಳಗಿದ್ದು ಕಣ್ಣು ಉರಿದರೆ ಸುಡದ ಡೀಸೆಲ್. ಬೆಳ್ಳಗಿದ್ದು ಕೂಲಂಟ್ ಕೂಡ ಕಡಿಮೆಯಾಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ನೀಲಿ ಇದ್ದರೆ ಎಂಜಿನ್ ಆಯಿಲ್ ಸುಡ್ತಿದೆ.

ಪರೀಕ್ಷೆಯ ಕ್ರಮ: ಅಗ್ಗದ್ದು ಮೊದಲು

*1. ಬ್ಯಾಟರಿ ಮತ್ತು ಅರ್ತ್.* ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರಬೇಕು. ಬ್ಯಾಟರಿ ನೆಗೆಟಿವ್‌ನಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ ಹೋಗೋ ದಪ್ಪ ಅರ್ತ್ ಪಟ್ಟಿಗಳನ್ನ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಖರ್ಚು ಅಂದರೆ ಒಂದು ಎಮ್ರಿ ಪೇಪರ್.

*2. ವೈರಿಂಗ್ ಮತ್ತು ಇಲಿ.* ಇದು ನಮ್ಮ ಸೀಮೆಯ ವಿಶೇಷ ರೋಗ. ಉಂಡೆ ಕೊಬ್ಬರಿ ಮಾಡೋರ ಮನೆ ಅಟ್ಟದಲ್ಲಿ ಕಾಯಿ ಎಂಟು-ಹತ್ತು ತಿಂಗಳು ಇರುತ್ತೆ, ಪಕ್ಕದಲ್ಲೇ ಸಿಪ್ಪೆ ರಾಶಿ, ಅದರ ಪಕ್ಕ ಗಾಡಿ. ಇಲಿಗೆ ರಾತ್ರಿ ಬೆಚ್ಚಗಿನ ಎಂಜಿನ್‌ಗಿಂತ ಒಳ್ಳೇ ಜಾಗ ಬೇರೆ ಇಲ್ಲ. ಬಾನೆಟ್ ಎತ್ತಿ ನಾರಿನ ಚೂರು, ಹಿಕ್ಕೆ ಇದೆಯಾ ನೋಡಿ. ಟಾರ್ಚ್ ಹಿಡಿದು ಇಂಜೆಕ್ಟರ್ ಮೇಲಿನ ವೈರ್, ಕ್ರ್ಯಾಂಕ್ ಸೆನ್ಸರ್ ವೈರ್ ಬೆರಳಲ್ಲಿ ಸವರುತ್ತಾ ಹೋಗಿ. ಎಂಜಿನ್ ಓಡ್ತಿದ್ದಾಗ ಸೆನ್ಸರ್‌ನ ವೈರ್ ಗೊಂಚಲನ್ನ ಒಣಗಿದ ಕಡ್ಡಿಯಿಂದ ಮೆಲ್ಲಗೆ ಅಲ್ಲಾಡಿಸಿದಾಗ ಎಂಜಿನ್ ಮಿಸ್ ಆದರೆ ರೋಗ ಅಲ್ಲೇ ಇದೆ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಟವೆಲ್, ಪಂಚೆ ಹೋಗದ ಹಾಗೆ ನೋಡ್ಕೊಳ್ಳಿ.

*3. ಗಾಳಿ.* ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡೀರಿ. ಬೇಸಿಗೆ ಧೂಳು, ತೆಂಗಿನ ನಾರಿನ ಪುಡಿ ಸೇರಿ ಕಂಪನಿ ಹೇಳಿದ ಅವಧಿಗೆ ಮೊದಲೇ ಕಟ್ಟಿಕೊಳ್ಳುತ್ತೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗೋ ರಬ್ಬರ್ ಪೈಪ್‌ಗಳ ಕೆಳಭಾಗ ನೋಡಿ. ಕ್ಲಿಪ್ ಹತ್ತಿರ ಹೊಸದಾಗಿ ಎಣ್ಣೆ ಜಿಡ್ಡು, ಎಕ್ಸಲರೇಟರ್ ಕೊಟ್ಟಾಗ ಸುಯ್ ಅನ್ನೋ ಸದ್ದು ಇದ್ದರೆ ಅಲ್ಲಿ ಸೀಳಿದೆ. ಪಿ0299 ಬಂದಾಗ ಟರ್ಬೊ ಬದಲಿಸೋ ಮೊದಲು ಈ ಪೈಪ್ ನೋಡಲೇಬೇಕು.

*4. ಡೀಸೆಲ್.* ಟಿಲ್ಲರ್‌ಗೆ ಅಂತ ಕ್ಯಾನ್‌ನಲ್ಲಿಟ್ಟ ಡೀಸೆಲ್ ಅವಸರಕ್ಕೆ ಪಿಕಪ್‌ಗೂ ಹೋಗುತ್ತೆ. ಮಳೆಗಾಲದಲ್ಲಿ ಅದರಲ್ಲಿ ನೀರು ಸೇರಿರೋದು ಹೊಸದೇನಲ್ಲ. ಫಿಲ್ಟರ್ ತಳದ ತಿರುಪು ಸಡಿಲ ಮಾಡಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ, ಹತ್ತು ನಿಮಿಷ ಬಿಡಿ. ನೀರಿದ್ದರೆ ಕೆಳಗೆ ಕೂರುತ್ತೆ. ಕಾಮನ್ ರೈಲ್ ಪಂಪ್ ಮತ್ತು ಇಂಜೆಕ್ಟರ್‌ಗೆ ಡೀಸೆಲ್ಲೇ ಜಾರುಎಣ್ಣೆ. ನೀರು ಹೋದರೆ ಒಳಗಿನ ಲೋಹ ಸವೆಯುತ್ತೆ. ದೊಡ್ಡ ಬಿಲ್ ಶುರುವಾಗೋದು ಇಲ್ಲಿಂದಲೇ.

*5. ಇಜಿಆರ್.* ಸುಟ್ಟ ಹೊಗೆಯ ಒಂದು ಭಾಗವನ್ನ ವಾಪಸ್ ಒಳಗೆ ಕಳಿಸೋ ಬಾಗಿಲು ಇದು. ಮಸಿ ಕಟ್ಟಿ ತೆರೆದೇ ನಿಂತರೆ ಐಡಲ್‌ನಲ್ಲಿ ನಡುಕ, ಕಪ್ಪು ಹೊಗೆ. ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಹಾಕಿ, ಮಸಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. "ತಗಡು ಹಾಕಿ ಮುಚ್ಚಿಬಿಡಿ" ಅನ್ನೋ ಸಲಹೆ ಬೇಡ. ಆಗ ಹೊಸ ಕೋಡ್ ಬರುತ್ತೆ, ಗಾಡಿ ಹೊರಗೆ ಬಿಡೋ ವಿಷಾನಿಲವೂ ಹೆಚ್ಚುತ್ತೆ.

*6. ಇಂಜೆಕ್ಟರ್ ರಿಟರ್ನ್.* ಎಲ್ಲ ಇಂಜೆಕ್ಟರ್‌ನಿಂದಲೂ ಸ್ವಲ್ಪ ಡೀಸೆಲ್ ತೆಳು ಪೈಪ್ ಮೂಲಕ ಟ್ಯಾಂಕ್‌ಗೆ ವಾಪಸ್ ಹೋಗುತ್ತೆ. ಈ ರಿಟರ್ನ್ ಲೈನ್ ಕಡಿಮೆ ಒತ್ತಡದ್ದು. ನಾಲ್ಕಕ್ಕೂ ಒಂದೊಂದು ಪೈಪ್ ಸಿಕ್ಕಿಸಿ, ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು, ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ. ನಾಲ್ಕೂ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಮಾತ್ರ ಎರಡರಷ್ಟು ತುಂಬಿದ್ದರೆ ಆ ಇಂಜೆಕ್ಟರ್ ಸವೆದಿದೆ. ಆಗ ಆ ಒಂದನ್ನ ಟೆಸ್ಟ್ ಬೆಂಚ್‌ಗೆ ಕಳಿಸಿ. ನಾಲ್ಕನ್ನೂ ಬದಲಿಸೋ ಮಾತು ಆಮೇಲೆ.

ಪಿ0087: ನಮ್ಮ ಗಾಡಿಯಲ್ಲಿ ನಡೆದದ್ದು

ಕ್ರಮ ಯಾಕೆ ಮುಖ್ಯ ಅಂತ ತೋರಿಸೋಕೆ ನಮ್ಮದೇ ಕಾಮನ್ ರೈಲ್ ಪಿಕಪ್ ಉದಾಹರಣೆ ಕೊಡ್ತೀನಿ. ಬೆಳಗ್ಗೆ ಸೆಲ್ಫ್ ನಾಲ್ಕೈದು ಸಲ ಹೊಡೆಯಬೇಕಿತ್ತು, ಸ್ಟಾರ್ಟ್ ಆಗಿ ಒಂದು ನಿಮಿಷ ನಡುಗೋದು, ಆಮೇಲೆ ಸರಿ. ಲೋಡ್ ಹಾಕಿ ಹಾಸನದ ಕಡೆ ಹೊರಟರೆ ಏರಿನಲ್ಲಿ ಎಳೆತ ನಿಂತು ಎಂಜಿನ್ ಲೈಟ್ ಹತ್ತೋದು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡೋದು. ಕೋಡ್ ಪಿ0087. ಫ್ರೀಜ್ ಫ್ರೇಮ್‌ನಲ್ಲಿ ಲೋಡ್ ಹೆಚ್ಚು, ಎಂಜಿನ್ ಪೂರ್ತಿ ಬಿಸಿ. ಹೈ ಪ್ರೆಷರ್ ಪಂಪ್ ಮತ್ತು ಇಂಜೆಕ್ಟರ್ ಎರಡೂ ಬದಲಿಸಬೇಕು ಅನ್ನೋ ಅಂದಾಜು ಒಂದು ಕಡೆಯಿಂದ ಬಂತು. ಗಾಡಿಯನ್ನ ಮಾರಿದರೂ ಅದರ ಅರ್ಧ ಹುಟ್ಟಬೇಕಲ್ಲ, ಅಂಥ ಮೊತ್ತ.

ಬ್ಯಾಟರಿ ಸರಿ ಇತ್ತು. ಫಿಲ್ಟರ್ ಬದಲಿಸುವ ಕಾಲ ಬಂದಿದ್ದರಿಂದ ಬದಲಿಸಿದೆ. ನೀರಿರಲಿಲ್ಲ. ಕೋಡ್ ಮತ್ತೆ ಬಂತು. ರಿಟರ್ನ್ ಬಾಟಲಿ ನಾಲ್ಕೂ ಸಮ, ಅಂದರೆ ಇಂಜೆಕ್ಟರ್ ಮೇಲಿನ ಅನುಮಾನ ಕಡಿಮೆಯಾಯ್ತು. ಆಗ ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿದಾಗ ಗುಳ್ಳೆಗಳ ಸಾಲು ಕಾಣಿಸ್ತು. ಗಾಳಿ ಎಲ್ಲಿಂದ? ಟ್ಯಾಂಕ್‌ನಿಂದ ಬರೋ ರಬ್ಬರ್ ಪೈಪ್ ಕ್ಲಿಪ್ ಹತ್ತಿರ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಹೊರಗೆ ಒಂದು ಹನಿ ಡೀಸೆಲ್ ಸೋರಿರಲಿಲ್ಲ, ಯಾಕೆ? ಈ ಬಗೆಯ ಗಾಡಿಯಲ್ಲಿ ಪಂಪ್ ಟ್ಯಾಂಕ್‌ನಿಂದ ಡೀಸೆಲ್ ಹೀರುತ್ತೆ. ಹೀರೋ ಲೈನಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗುತ್ತೆ. ಬೋರ್‌ಪಂಪ್‌ಗೆ ಬದಲು ಹಳೇ ಬಾವಿಗೆ ಮೋಟಾರ್ ಇಟ್ಟವರಿಗೆ ಇದು ಗೊತ್ತು: ಸಕ್ಷನ್ ಪೈಪ್ ಬಿರುಕು ಬಿಟ್ಟರೆ ನೀರು ಸೋರೋದಿಲ್ಲ, ಮೋಟಾರ್ ಏರ್ ಹಿಡಿಯುತ್ತೆ. ರಾತ್ರಿ ಗಾಡಿ ನಿಂತಾಗ ಆ ಬಿರುಕಿನಿಂದ ಗಾಳಿ ಸೇರಿ ಲೈನಿನ ಡೀಸೆಲ್ ಟ್ಯಾಂಕ್‌ಗೆ ಇಳಿದುಹೋಗುತ್ತೆ, ಅದಕ್ಕೇ ಬೆಳಗ್ಗೆ ಕಷ್ಟ. ಏರಿನಲ್ಲಿ ಪಂಪ್ ಹೆಚ್ಚು ಎಳೆದಾಗ ಗುಳ್ಳೆಯೂ ಹೆಚ್ಚು, ಅದಕ್ಕೇ ಒತ್ತಡ ಬಿದ್ದು ಪಿ0087. ಎರಡು ಲಕ್ಷಣಕ್ಕೂ ಒಂದೇ ಕಾರಣ. ಪೈಪ್, ಎರಡು ಕ್ಲಿಪ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ಬಿಟ್ಟ ಮೇಲೆ ಕೋಡ್ ಬರಲಿಲ್ಲ. ಖರ್ಚು ಕೆಲವು ನೂರು ರೂಪಾಯಿ.

ಟ್ಯಾಂಕ್ ಒಳಗೇ ಎಲೆಕ್ಟ್ರಿಕ್ ಪಂಪ್ ಇರೋ ಗಾಡಿಯಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಲೈನಿನಲ್ಲಿ ಒತ್ತಡ ಇರೋದರಿಂದ ಬಿರುಕು ಬಿಟ್ಟರೆ ಹೊರಗೇ ಸೋರುತ್ತೆ.

ಮೊಬೈಲ್‌ನಲ್ಲಿ ಲೈವ್ ಅಂಕಿ ನೋಡುವಾಗ

ಕೋಡ್‌ಗಿಂತ ಹೆಚ್ಚು ಮಾತಾಡೋದು ಲೈವ್ ಡೇಟಾ. ನಾಲ್ಕು ಅಂಕಿ ನೆನಪಿಟ್ಟುಕೊಳ್ಳಿ.

- ಕೂಲಂಟ್ ಬಿಸಿ: ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದಲು ಹೊರಗಿನ ಹವೆಯಷ್ಟೇ ತೋರಿಸಬೇಕು. ಓಡಿದ ಮೇಲೆ 80-90 ಡಿಗ್ರಿ.
- ಮ್ಯಾನಿಫೋಲ್ಡ್ ಒತ್ತಡ: ಕೀ ಆನ್, ಎಂಜಿನ್ ಆಫ್ ಇದ್ದಾಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಪುಸ್ತಕದಲ್ಲಿ 101 ಕಿಲೋಪಾಸ್ಕಲ್ ಅಂತಿರುತ್ತೆ, ಅದು ಸಮುದ್ರಮಟ್ಟಕ್ಕೆ. ನಾವು ಸುಮಾರು 800 ಮೀಟರ್ ಎತ್ತರದಲ್ಲಿದ್ದೀವಿ, ಇಲ್ಲಿ 92ರ ಆಸುಪಾಸು ಬಂದರೆ ಸೆನ್ಸರ್ ಸರಿ ಇದೆ ಅಂತ.
- ರೈಲ್ ಒತ್ತಡ: ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್. ಆ್ಯಪ್ ಕಿಲೋಪಾಸ್ಕಲ್‌ನಲ್ಲಿ 30,000 ಅಂತ ತೋರಿಸಿದರೆ ಅದು 300 ಬಾರ್. ಸ್ಥಿರವಾಗಿರಬೇಕು, ಏರಿಳಿಯಬಾರದು.
- ವೋಲ್ಟೇಜ್: ಮೇಲೆ ಹೇಳಿದಷ್ಟೇ.

ಇದನ್ನ ಮಾತ್ರ ಮಾಡಬೇಡಿ

ಹಳೇ ಮೆಕ್ಯಾನಿಕಲ್ ಎಂಜಿನ್‌ನಲ್ಲಿ ಯಾವ ಸಿಲಿಂಡರ್ ಮಿಸ್ ಅಂತ ತಿಳಿಯೋಕೆ ಎಂಜಿನ್ ಓಡ್ತಿದ್ದಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸೋ ಪದ್ಧತಿ ಇತ್ತು. ಕಾಮನ್ ರೈಲ್‌ನಲ್ಲಿ ಅದು ಜೀವಕ್ಕೆ ಅಪಾಯ. ಲೋಡ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಆ ಒತ್ತಡದ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು ಕತ್ತರಿಸೋ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, "ಡೀಸೆಲ್ ಒಳಗೆ ಹೋಗಿದೆ" ಅಂತ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕೋಕೆ ಕೈ ಸವರಬೇಡಿ, ರಟ್ಟಿನ ತುಂಡು ಹಿಡೀರಿ.

ಎಂಜಿನ್ ಓಡ್ತಿದ್ದಾಗ ಇಂಜೆಕ್ಟರ್ ಕಪ್ಲರ್ ಕೀಳಬೇಡಿ, ಅದರಲ್ಲಿ ಬ್ಯಾಟರಿಗಿಂತ ಬಹಳ ಹೆಚ್ಚು ವೋಲ್ಟೇಜ್ ಇರುತ್ತೆ. ಸೆಲ್ಫ್ ಹೊಡೆಯುವಾಗ ಸ್ಟಾರ್ಟಿಂಗ್ ಸ್ಪ್ರೇ ಹಾಕಬೇಡಿ, ಗ್ಲೋ ಪ್ಲಗ್ ಬಿಸಿ ಇದ್ದರೆ ಬೆಂಕಿ ಹೊತ್ತುಕೊಳ್ಳುತ್ತೆ.

ದಾರೀಲಿ ಲೈಟ್ ಹತ್ತಿದರೆ ಎಲ್ಲ ಸಲವೂ ನಿಲ್ಲಿಸಬೇಕಿಲ್ಲ. ಎಂಜಿನ್ ಲೈಟ್ ಸ್ಥಿರವಾಗಿದ್ದು ಗಾಡಿ ನಿಧಾನ ಓಡ್ತಿದ್ದರೆ ಮಾರುಕಟ್ಟೆ ತಲುಪಿ ನೋಡಬಹುದು. ಆದರೆ ಆಯಿಲ್ ಲೈಟ್ ಹತ್ತಿದರೆ, ಬಿಸಿ ಕೆಂಪು ಮುಟ್ಟಿದರೆ, ಡೀಸೆಲ್‌ನಲ್ಲಿ ನೀರಿನ ಲೈಟ್ ಹತ್ತಿ ಎಂಜಿನ್ ನಡುಗಿದರೆ, ಕಬ್ಬಿಣ ಬಡಿದ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಮಾಲು ಬೇರೆ ಗಾಡಿಗೆ ಹಾಕಿ.

ಗ್ಯಾರೇಜ್‌ಗೆ ಹೋಗುವಾಗ

ಕೋಡ್ ಮತ್ತು ಫ್ರೀಜ್ ಫ್ರೇಮ್‌ನ ಫೋಟೊ, ಯಾವಾಗ ನಡುಗುತ್ತೆ ಅನ್ನೋ ಚೀಟಿ, ನೀವು ಈಗಾಗಲೇ ಪರೀಕ್ಷೆ ಮಾಡಿದ್ದರ ಪಟ್ಟಿ ಕೊಡಿ. ಯಾವುದೇ ದೊಡ್ಡ ಪಾರ್ಟ್ ಬದಲಿಸಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ: "ಇದೇ ಕೆಟ್ಟಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು?" ಒಳ್ಳೇ ಮೆಕ್ಯಾನಿಕ್‌ಗೆ ಈ ಪ್ರಶ್ನೆಯಿಂದ ಬೇಜಾರಾಗೋದಿಲ್ಲ, ಬಾಟಲಿ ತೋರಿಸ್ತಾರೆ, ಅಂಕಿ ತೋರಿಸ್ತಾರೆ. ತೆಗೆದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ.

ಮಳೆ ಶುರುವಾಗೋ ಮೊದಲು ಒಂದು ಭಾನುವಾರ ಬೆಳಗ್ಗೆ ಬ್ಯಾಟರಿ, ಅರ್ತ್, ಏರ್ ಫಿಲ್ಟರ್, ಫಿಲ್ಟರ್ ತಳದ ನೀರು, ರಬ್ಬರ್ ಪೈಪ್, ಇಲಿ ಗೂಡು ಈ ಆರನ್ನ ನೋಡಿ ಮುಗಿಸಿ. ಎರಡು ಗಂಟೆಯ ಕೆಲಸ. ಗಾಡಿಯ ಡೈರಿ ಅಂತ ಒಂದು ಪುಸ್ತಕ ಇಟ್ಟು ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ ಬರೀತಾ ಬನ್ನಿ. ತೋಟಕ್ಕೆ ಗೊಬ್ಬರ ಯಾವಾಗ ಹಾಕಿದ್ದು ಅಂತ ಬರೆದಿಡೋ ಪುಸ್ತಕದ ಕೊನೇ ಹತ್ತು ಹಾಳೆ ಇದಕ್ಕೆ ಸಾಕು.